ಉಳಿದ ಸೀಟು

ಎಲ್ಲಿಗೆ ಹೋಗಬೇಕು ಎಂದು ಬಾಯಿಬಿಟ್ಟು ಹೇಳಿದವನು ಕೆಟ್ಟ. ಇದು ಡೆಟ್ಲೆಫ್ ಓಲೆನ್‌ಡಾರ್ಫನ ವೇದವಾಕ್ಯ. ಟೈರ್ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿ ದುಡಿದು ನಿವೃತ್ತನಾದ ಮನುಷ್ಯ. ಪ್ರತಿ ವರ್ಷ ಜೂನ್ ತಿಂಗಳ ಮೊದಲ ಶನಿವಾರ ಹೆಂಡತಿ ವೀಬ್ಕೆಯನ್ನೂ ಎರಡು ಸೂಟ್‌ಕೇಸುಗಳನ್ನೂ ಕಟ್ಟಿಕೊಂಡು ಹ್ಯಾನೋವರ್ ವಿಮಾನ ನಿಲ್ದಾಣಕ್ಕೆ ಹೊರಡುತ್ತಿದ್ದ. ಟಿಕೆಟ್ ಮಾತ್ರ ಇರುತ್ತಿರಲಿಲ್ಲ. ಅಲ್ಲಿ ಟ್ರಾವೆಲ್ ಏಜೆನ್ಸಿಗಳ ಕೌಂಟರುಗಳು ಸಾಲಾಗಿವೆ. ಅವತ್ತು ಹೊರಡುವ ವಿಮಾನಗಳಲ್ಲಿ ಬಿಕರಿಯಾಗದೆ ಉಳಿದ ಸೀಟಿಗೆ ಯಾವುದೋ ಹೋಟೆಲಿನಲ್ಲಿ ಉಳಿದ ಕೋಣೆಯನ್ನು ಗಂಟುಹಾಕಿ, ಅರ್ಧ ಬೆಲೆಗೆ ಬೋರ್ಡಿನ ಮೇಲೆ ಬರೆದು ಹಾಕಿರುತ್ತಾರೆ. ಸಂಜೆ ಮಾರುಕಟ್ಟೆಯಲ್ಲಿ ಬಾಡಿದ ಸೊಪ್ಪು ಮಾರಿದ ಹಾಗೆ. ನಮ್ಮ ಹ್ಯಾನೋವರ್ ಕಡೆಯ ಅರ್ಧ ಊರು ಹೀಗೆಯೇ ಪ್ರಪಂಚ ನೋಡಿದೆ.

ಆದರೆ ಡೆಟ್ಲೆಫನ ಮಟ್ಟಕ್ಕೆ ಯಾರೂ ಇಳಿದಿರಲಿಲ್ಲ. ಅವನು ಬೋರ್ಡಿನ ಮುಂದೆ ಕಾಫಿ ಹಿಡಿದು ನಿಲ್ಲುತ್ತಿದ್ದ. ಬೆಲೆ ಇಳಿಯುವುದನ್ನು ಕಾಯುತ್ತಿದ್ದ. ಆಸೆ ಮುಖದ ಮೇಲೆ ಕಾಣಬಾರದು ಎಂದು ಹೆಂಡತಿಗೂ ತಾಕೀತು ಮಾಡುತ್ತಿದ್ದ.

"ಸಮುದ್ರ ಕಂಡ್ರೆ ಇಷ್ಟ ಅಂತ ಒಂದ್ಸಲ ಅಂದ್ಬಿಟ್ರೆ ಮುಗೀತು ಕಣೇ. ಸಮುದ್ರಕ್ಕೂ ರೇಟು ಹಾಕ್ತಾರೆ. ಎಲ್ಲಿಗಾದ್ರೂ ಸರಿ ಅನ್ನು. ಅವರೇ ಕಾಲಿಗೆ ಬೀಳ್ತಾರೆ."

ಹೀಗಾಗಿ ವೀಬ್ಕೆಯ ಸೂಟ್‌ಕೇಸಿನಲ್ಲಿ ಈಜುಡುಗೆಯೂ ಇರುತ್ತಿತ್ತು, ಉಣ್ಣೆ ಸ್ವೆಟರೂ ಇರುತ್ತಿತ್ತು. ಈ ವರ್ಷ ಎಲ್ಲಿಗೆ ಎಂದು ಪಕ್ಕದ ಮನೆಯವರು ಕೇಳಿದರೆ, ಬೋರ್ಡು ಹೇಳಿದ ಕಡೆಗೆ ಎಂದು ನಗುತ್ತಿದ್ದಳು. ಬೇಕರಿಯ ಕೌಂಟರಿನಲ್ಲಿ ವರ್ಷಗಟ್ಟಲೆ ನಿಂತವಳು, ನಗುವುದು ಅಭ್ಯಾಸವಾಗಿತ್ತು. ಒಳಗೆ ಆ ನಗು ಎಂದೋ ಸತ್ತಿತ್ತು.

ಸತ್ತದ್ದು ಮಗಳ ಮದುವೆಯ ದಿನ. ಅವರಿಗಿದ್ದವಳು ಆಲ್ಮುಟ್ ಒಬ್ಬಳೇ. ಕ್ರೀಟ್ ದ್ವೀಪದಲ್ಲಿ ಜೇನು ಸಾಕುವ ಸ್ತ್ರಾತಿಸ್ ಎಂಬ ಹುಡುಗನನ್ನು ಮೆಚ್ಚಿ ಅಲ್ಲೇ ಉಳಿದಳು. ಮದುವೆಯ ದಿನವನ್ನು ಆರು ತಿಂಗಳು ಮುಂಚೆ ತಿಳಿಸಿದ್ದಳು. "ಈಗ್ಲೇ ಟಿಕೆಟ್ ತಗೊಳ್ಳೋಣ" ಎಂದು ವೀಬ್ಕೆ ಹೇಳಿದಾಗ ಡೆಟ್ಲೆಫ್ ಗಹಗಹಿಸಿ ನಕ್ಕಿದ್ದ. "ಮದುವೆ ಅಂತ ಗೊತ್ತಾದ್ರೆ ಎರಡರಷ್ಟು ಕೀಳ್ತಾರೆ. ಹಿಂದಿನ ದಿನ ಹೋಗೋಣ. ನೋಡ್ತಿರು, ಹೆಂಗ್ ಇಳಿಯುತ್ತೆ." ಹಿಂದಿನ ದಿನ ಹೋದರು. ಪೆಂಟೆಕೋಸ್ಟ್ ಹಬ್ಬದ ರಜೆ. ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ರೀಟಿಗೆ ಬೆಳಿಗ್ಗೆ ಎರಡು ಸೀಟು ಉಳಿದಿದ್ದವು. ಇನ್ನೂ ಇಳಿಯಲಿ ಎಂದು ಅವನು ಕಾಫಿ ತರಲು ಹೋದ. ಬರುವಷ್ಟರಲ್ಲಿ ಬೋರ್ಡಿನಿಂದ ಆ ಸಾಲನ್ನು ಒರೆಸಿದ್ದರು. ನೀಲಿ ರೇಷ್ಮೆ ಗೌನಿನ ಪೆಟ್ಟಿಗೆ ಹಿಡಿದುಕೊಂಡು ವೀಬ್ಕೆ ಮರುದಿನ ಮಧ್ಯಾಹ್ನದವರೆಗೆ ಅದೇ ಕೌಂಟರಿನ ಮುಂದೆ ಕೂತಿದ್ದಳು. ಅತ್ತ ಕ್ರೀಟಿನಲ್ಲಿ ಮಗಳ ಮದುವೆ ಮುಗಿದುಹೋಯಿತು.

ಥೂ, ಅಂಥ ಜಿಪುಣತನಕ್ಕೆ ಬೆಂಕಿ ಬೀಳಲಿ ಎಂದು ಅವಳು ಆ ದಿನವೇ ಬಾಯಿ ಬಿಟ್ಟು ಶಪಿಸಬಹುದಿತ್ತು. ಶಪಿಸಲಿಲ್ಲ. ಗಂಡ ಕಾಫಿ ತರಲು ಹೊರಟಾಗ "ನೀನು ಬೇಕಾದ್ರೆ ಕಾಯಿ, ನಾನು ಹೊರಟೆ" ಎಂದು ತಾನಾದರೂ ದುಡ್ಡು ಕಟ್ಟಬಹುದಿತ್ತು. ಅದನ್ನೂ ಮಾಡಲಿಲ್ಲ.

ಆಮೇಲೆ ಅಪ್ಪನಿಗೂ ಮಗಳಿಗೂ ಮಾತು ನಿಂತಿತು. ಭಾನುವಾರ ಡೆಟ್ಲೆಫ್ ಊರಾಚೆಯ ತನ್ನ ತರಕಾರಿ ಪಾತಿಗೆ ನೀರು ಹಾಯಿಸಲು ಹೋದಾಗ ವೀಬ್ಕೆ ಫೋನು ಹಿಡಿಯುತ್ತಿದ್ದಳು. ಮೊಮ್ಮಗಳು ಹುಟ್ಟಿದ್ದು ಫೋನಿನಲ್ಲಿ. ಅವಳಿಗೆ ಹಲ್ಲು ಬಂದದ್ದು, ಮಾತು ಬಂದದ್ದು, ಶಾಲೆಗೆ ಸೇರಿದ್ದು, ಎಲ್ಲ ಫೋನಿನಲ್ಲೇ. ಮಗುವಿನ ಹೆಸರು ಅರ್ಗಿರೋ.

"ನಾನೊಬ್ಳೇ ಬರ್ಲಾ?" ಎಂದು ವೀಬ್ಕೆ ಒಮ್ಮೆ ಕೇಳಿದ್ದಳು.

"ಬೇಡಮ್ಮ. ನೀನೊಬ್ಳೇ ಬಂದ್ರೆ ಅಪ್ಪನ ಪರವಾಗಿ ಕ್ಷಮೆ ಕೇಳೋಕೆ ಬಂದ ಹಾಗಾಗುತ್ತೆ. ಬಂದ್ರೆ ಇಬ್ರೂ ಬನ್ನಿ. ನನ್ನನ್ನ ನೋಡ್ಬೇಕು ಅಂತ ಮನಸ್ಸು ಮಾಡಿ, ದಿನ ಗೊತ್ತುಮಾಡಿ ಬನ್ನಿ. ಉಳಿದ ಸೀಟಲ್ಲಿ ಬರೋ ಹಾಗಿದ್ರೆ ಬರಲೇಬೇಡಿ. ಚಿಕ್ಕವಳಿದ್ದಾಗಿಂದ ಸಾಕಾಗಿದೆ ನಂಗೆ ಆ ಸೀಟಲ್ಲಿ ಕೂತು."

ಮನಸ್ಸು ಮಾಡುವುದೆಂದರೆ ಡೆಟ್ಲೆಫನಿಗೆ ಆಗದ ಕೆಲಸ. ಕ್ರೀಟ್ ಎಂಬ ಮಾತೇ ಮನೆಯಲ್ಲಿ ಏಳುವಂತಿರಲಿಲ್ಲ. ಹಾಗಿರುವಾಗ ಈ ಮಾರ್ಚಿನಲ್ಲಿ ವೀಬ್ಕೆಗೆ ಒಂದು ಉಪಾಯ ಹೊಳೆಯಿತು. ಗಂಡ ಮಗಳಿಗೆ ಸೋಲುವವನಲ್ಲ, ಬೋರ್ಡಿಗೆ ಸೋಲುವವನು. ಬೋರ್ಡೇ ಕ್ರೀಟ್ ಎಂದರೆ? ಅವನ ಮೀಸೆಯೂ ಮಣ್ಣಾಗುವುದಿಲ್ಲ, ಮಗಳ ಮುಖವನ್ನೂ ನೋಡಿದ ಹಾಗಾಗುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೇಳಿ ರೈಲು ಹತ್ತಿ ನಿಲ್ದಾಣಕ್ಕೆ ಹೋದಳು.

ಅಲ್ಲಿ ಪ್ರಿಬಿಲ್ಲಾ ಎಂಬ ದಪ್ಪ ಕನ್ನಡಕದ ಹೆಂಗಸು ಕೌಂಟರ್ ನಡೆಸುತ್ತಾಳೆ. ಓಲೆನ್‌ಡಾರ್ಫ್ ದಂಪತಿಯ ಚಾಳಿ ಬಲ್ಲವಳು. ವೀಬ್ಕೆ ಸುತ್ತ ನೋಡಿ ದನಿ ತಗ್ಗಿಸಿದಳು.

"ಜೂನ್ ಮೊದಲ ಶನಿವಾರ ನಾವು ಬಂದಾಗ ನಿಮ್ಮ ಬೋರ್ಡಲ್ಲಿ ಕ್ರೀಟ್ ಇರ್ಬೇಕು. ಎಲ್ಲಕ್ಕಿಂತ ಅಗ್ಗ ಇರ್ಬೇಕು. ಕಡಿಮೆ ಬಿದ್ದಿದ್ದನ್ನ ನಾನು ಈಗ್ಲೇ ಕೊಡ್ತೀನಿ. ನಮ್ಮವರಿಗೆ ಗೊತ್ತಾಗ್ಬಾರ್ದು."

ಪ್ರಿಬಿಲ್ಲಾ ಕನ್ನಡಕ ತೆಗೆದು ಒರೆಸಿಕೊಂಡಳು. ಏನೋ ಹೇಳಲು ಹೊರಟು ಬಾಯಿ ಮುಚ್ಚಿದಳು. ಆಮೇಲೆ ನಕ್ಕಳು. "ಆಗ್ಲಿ ಓಲೆನ್‌ಡಾರ್ಫಮ್ಮ. ಬೋರ್ಡಲ್ಲಿ ಬರೆಯೋ ಕೆಲಸ ನಂದು. ದುಡ್ಡು ಒಳಗಿಟ್ಕೊಳ್ಳಿ, ಏನೂ ಬೇಡ."

ದುಡ್ಡೂ ಬೇಡ ಎನ್ನುವ ಏಜೆಂಟರು ಲೋಕದಲ್ಲಿ ಎಲ್ಲಾದರೂ ಉಂಟೇ? ಅನುಮಾನ ಬರಬೇಕಿತ್ತು. ಆದರೆ ಕೆಲಸವಾದ ಖುಷಿಯಲ್ಲಿ ವೀಬ್ಕೆಗೆ ಬೇರೇನೂ ಕಾಣಲಿಲ್ಲ. ಮಗಳಿಗೂ ಅವಳು ದಿನ ತಿಳಿಸಲಿಲ್ಲ. ಕೊನೆ ಗಳಿಗೆಯಲ್ಲಿ ಗಂಡ ಮೂಗು ಮುರಿದು ಬೇರೆ ಊರು ಆರಿಸಿಬಿಟ್ಟರೆ ಆ ಹುಡುಗಿ ಮತ್ತೊಮ್ಮೆ ದಾರಿ ಕಾಯಬೇಕಾಗುತ್ತದೆ, ಮತ್ತೊಂದು ಮದುವೆಯಂತಾಗುತ್ತದೆ ಎಂದು ಹೆದರಿದಳು.

ಆ ಶನಿವಾರ ಬಂತು. ವೀಬ್ಕೆ ಹಿಂದಿನ ದಿನವೇ ತಟ್ಟೆ ತುಂಬ ಬೆಣ್ಣೆ ಕೇಕು ಬೇಯಿಸಿ ಡಬ್ಬಿಗೆ ತುಂಬಿದ್ದಳು. ಆಲ್ಮುಟ್ ಚಿಕ್ಕಂದಿನಲ್ಲಿ ಅಂಚಿನ ಗರಿಗರಿ ತುಂಡಿಗೇ ಜಗಳವಾಡುತ್ತಿದ್ದ ಕೇಕು. "ಇಷ್ಟೊಂದು ಯಾರಿಗೆ?" ಎಂದು ಡೆಟ್ಲೆಫ್ ಕೇಳಿದ. "ದಾರಿಗೆ" ಎಂದಳು. ಅವನು ಮತ್ತೆ ಕೇಳಲಿಲ್ಲ. ಅವನ ಸೂಟ್‌ಕೇಸು ಈ ಸಲ ಯಾಕೋ ಉಬ್ಬಿಕೊಂಡಿತ್ತು, ಮುಟ್ಟಲು ಬಿಡಲಿಲ್ಲ.

ಪ್ರಿಬಿಲ್ಲಾಳ ಬೋರ್ಡಿನ ಮೇಲೆ ಬಲ್ಗೇರಿಯ ಇತ್ತು, ಟುನೀಶಿಯ ಇತ್ತು. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಅಗ್ಗವಾಗಿ, ಕ್ರೀಟ್ ಇತ್ತು. ವೀಬ್ಕೆಗೆ ಗಂಡನ ಮುಖ ನೋಡುವ ಧೈರ್ಯ ಬರಲಿಲ್ಲ.

"ಬಲ್ಗೇರಿಯ ಹೆಂಗಿದೆ?" ಎಂದ ಡೆಟ್ಲೆಫ್, ಕಾಫಿ ಹೀರುತ್ತ.

"ಹೋಟೆಲ್ ಪಕ್ಕ ಕಟ್ಟಡ ಕಟ್ತಿದಾರೆ. ದಿನಾ ಗದ್ದಲ" ಎಂದಳು ಪ್ರಿಬಿಲ್ಲಾ.

"ಟುನೀಶಿಯ?"

"ಎರಡು ಸಲ ಹೋಗಿದೀರಿ. ಹೊಟ್ಟೆ ಕೆಡಿಸ್ಕೊಂಡು ಬಂದ್ರಿ."

ಡೆಟ್ಲೆಫ್ ಬಹಳ ಹೊತ್ತು ತಲೆ ಕೆರೆದುಕೊಂಡ. ನಾಟಕದ ಕಂಪನಿಯವರು ಕೂಡ ಅಷ್ಟು ಚೆನ್ನಾಗಿ ಕೆರೆದುಕೊಳ್ಳಲಾರರು. "ಕ್ರೀಟ್ ಅಂತೆ, ಕ್ರೀಟ್! ಈ ರೇಟಿಗೆ ಬಿಡೋಕೂ ಆಗಲ್ಲ. ಏನಂತೀಯ ವೀಬ್ಕೆ?"

"ಎಲ್ಲಿಗಾದ್ರೂ ಸರಿ" ಎಂದಳು ವೀಬ್ಕೆ, ಕಲಿಸಿದ ಪಾಠ ಒಪ್ಪಿಸುವವಳಂತೆ.

ಪ್ರಿಬಿಲ್ಲಾ ಟಿಕೆಟ್ಟಿನ ಲಕೋಟೆ ಕೊಡುತ್ತ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. ಅವಳ ಕಣ್ಣು ತೇವವಾಗಿತ್ತು. ಶೀತವಿರಬೇಕು ಎಂದುಕೊಂಡಳು ವೀಬ್ಕೆ.

ಕ್ರೀಟಿನಲ್ಲಿ ಇಳಿದು ಹೋಟೆಲು ತಲುಪಿದಾಗ ಕೋಣೆ ಸಿದ್ಧವಾಗಿರಲಿಲ್ಲ. ಪೆಟ್ಟಿಗೆಗಳನ್ನು ಕೆಳಗೇ ಬಿಟ್ಟು ಮೂರು ಗಂಟೆಯ ಮೇಲೆ ಬನ್ನಿ ಎಂದರು. ಹೋಟೆಲಿನ ಮುಂದೆ ಬಿಸಿಲು ಸುಡುತ್ತಿತ್ತು. ವೀಬ್ಕೆ ಡಬ್ಬಿ ಎದೆಗವಚಿಕೊಂಡು ನಿಂತಿದ್ದಳು. ಹೇಗೆ ಮಾತು ತೆಗೆಯಲಿ ಎಂದು ಅವಳು ಒದ್ದಾಡುತ್ತಿರುವಾಗಲೇ ಡೆಟ್ಲೆಫ್ ಕೆಮ್ಮಿದ.

"ಹೆಂಗೂ ಬಂದಿದೀವಲ್ಲ. ಅವಳ ಹಳ್ಳಿ ಇಲ್ಲೇ ಗುಡ್ಡದ ಮೇಲಂತೆ. ಬಸ್ಸು ಇದ್ಯಂತೆ."

"ಯಾರು ಹೇಳಿದ್ರು ನಿಂಗೆ?"

"ಯಾರೋ ಹೇಳಿದ್ರು ಬಿಡು" ಎಂದು ಮುಂದೆ ನಡೆದ.

ಬಸ್ಸಿನಲ್ಲಿ ಅವನು ಕಿಟಕಿಯ ಕಡೆಗೇ ನೋಡುತ್ತ ಕೂತಿದ್ದ, ಅಂಗಿಯ ಕಾಲರನ್ನು ಮೂರು ನಾಲ್ಕು ಸಲ ಸರಿಮಾಡಿಕೊಂಡ. ದೇವರು ದೊಡ್ಡವನು, ಬೋರ್ಡು ಅವನಿಗಿಂತ ದೊಡ್ಡದು ಎಂದು ವೀಬ್ಕೆ ಒಳಗೊಳಗೇ ಹಿಗ್ಗಿದಳು.

ಆಲ್ಮುಟಳ ಮನೆಯ ಮುಂಭಾಗವೇ ಜೇನಂಗಡಿ. ಪ್ರವಾಸಿಗಳ ಬಸ್ಸು ನಿಂತರೆ ಮಾರಾಟ. ಅವಳು ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ತಲೆಯೆತ್ತಿ ನೋಡಿದಳು. ಕೈಯಲ್ಲಿದ್ದ ಚೀಟಿ ಬೆರಳಿಗೇ ಅಂಟಿಕೊಂಡಿತು.

"ಅಮ್ಮ" ಎಂದಳು. ಆಮೇಲೆ, ಬಹಳ ಮೆಲ್ಲಗೆ, "ಅಪ್ಪ."

ಅವಳ ಹಿಂದಿನಿಂದ ಒಂದು ಹುಡುಗಿ ಇಣುಕಿತು. ಮುಂದಿನ ಹಲ್ಲಿಲ್ಲ, ಮೊಣಕಾಲಿನಲ್ಲಿ ತರಚು ಗಾಯ. ಡೆಟ್ಲೆಫನದೇ ಅಗಲ ಹಣೆ. ತಾಯಿ ಕಲಿಸಿದ ಜರ್ಮನ್ನಿನಲ್ಲಿ ಅದು ಕೇಳಿತು, "ನೀನೇ ಅಜ್ಜನಾ? ಬೀನ್ಸ್ ಬೆಳೆಯೋ ಅಜ್ಜ?"

ಡೆಟ್ಲೆಫ್ ಹೌದೆಂದು ತಲೆಯಾಡಿಸಿದ. ವೀಬ್ಕೆ ಡಬ್ಬಿಯ ಮುಚ್ಚಳ ತೆಗೆದಳು. ಬೆಣ್ಣೆ, ಬಾದಾಮಿಯ ವಾಸನೆ ಬಿಸಿಲಿಗೆ ಹರಡಿತು. ಆಲ್ಮುಟ್ ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ಒಳಗೆ ಹೋಗುವಷ್ಟು ದಾರಿ ಆಯಿತು. ವೀಬ್ಕೆ ಹೊಸ್ತಿಲ ಕಡೆ ಕಾಲೆತ್ತಿದಳು.

"ಒಂದೇ ಒಂದು ಪ್ರಶ್ನೆ" ಎಂದಳು ಆಲ್ಮುಟ್. "ನೀವು ಈ ಟಿಕೆಟ್ ಯಾವತ್ತು ತಗೊಂಡ್ರಿ?"

ಎತ್ತಿದ ಕಾಲು ಅಲ್ಲೇ ನಿಂತಿತು. ಮಾರ್ಚಿನಲ್ಲೇ ನಾನು ಎಲ್ಲ ಏರ್ಪಾಟು ಮಾಡಿದೆ ಮಗಳೇ, ನಿನಗಾಗಿಯೇ ಮಾಡಿದೆ ಎಂಬ ಮಾತು ವೀಬ್ಕೆಯ ನಾಲಿಗೆಯ ತುದಿಯಲ್ಲಿತ್ತು. ಆದರೆ ಗಂಡ ಪಕ್ಕದಲ್ಲೇ ನಿಂತಿದ್ದಾನೆ. ಹೆಂಡತಿ ತನ್ನನ್ನು ಕುರಿ ಮಾಡಿ ಇಲ್ಲಿಗೆ ಹೊಡೆದುಕೊಂಡು ಬಂದಳೆಂದು ಗೊತ್ತಾದರೆ, ಆ ಹಟಮಾರಿ ಇಲ್ಲಿಂದಲೇ ತಿರುಗಿ ಹೊರಟುಬಿಡುತ್ತಾನೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳು ಗಂಡನ ಮುಖ ನೋಡಿದಳು. ಅವನು ಅವಳ ಮುಖ ನೋಡಿದ. ಅವನ ಬಾಯಿ ಒಮ್ಮೆ ತೆರೆದು ಮುಚ್ಚಿತು, ಕಿವಿ ಕೆಂಪಾಯಿತು. ಆಮೇಲೆ ಅವನು ಜನ್ಮವಿಡೀ ಆಡಿದ ಮಾತನ್ನೇ ಆಡಿದ.

"ಇವತ್ ಬೆಳಿಗ್ಗೆ. ಕೇಳಿದ್ರೆ ನಂಬಲ್ಲ ನೀನು, ಬಿಟ್ಟಿ ಲೆಕ್ಕ! ಬಲ್ಗೇರಿಯಕ್ಕಿಂತ ಅಗ್ಗ ಸಿಕ್ತು, ಬಂದ್ವಿ."

"ಹೌದಾ ಅಮ್ಮ?"

ವೀಬ್ಕೆ ಹೌದೆಂದು ತಲೆಯಾಡಿಸಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಲ್ಮುಟ್ ಸರಿದಿದ್ದ ಆ ಒಂದು ಹೆಜ್ಜೆಯನ್ನು ವಾಪಸು ಇಟ್ಟಳು. ಕೂಗಲಿಲ್ಲ, ಅಳಲಿಲ್ಲ. ಅಂಗಡಿಗೆ ಬಂದ ಪ್ರವಾಸಿಗಳಿಗೆ ತೋರಿಸುವ ಬೆಂಚು ತೋರಿಸಿದಳು. ಎರಡು ಲೋಟ ತಣ್ಣೀರು, ಸಣ್ಣ ತಟ್ಟೆಯಲ್ಲಿ ಒಂದೊಂದು ಚಮಚ ಚೆರಿ ಹಣ್ಣಿನ ಸಿಹಿ ಪಾಕ ತಂದಿಟ್ಟಳು. ಆ ಊರಿನಲ್ಲಿ ದಾರಿಹೋಕರಿಗೂ ಅಷ್ಟು ಕೊಡುತ್ತಾರೆ. ಮಗುವನ್ನು ಒಳಗೆ ಕಳಿಸಿದಳು.

"ಕೆಳಗೆ ಹೋಗೋ ಬಸ್ಸು ಇನ್ನೇನು ಬರುತ್ತೆ. ಅದನ್ನ ಬಿಟ್ರೆ ಸಂಜೆಗೇ" ಎಂದಳು.

"ಕೇಕು..." ಎಂದಳು ವೀಬ್ಕೆ.

"ದಾರಿಗೆ ಇಟ್ಕೊಳ್ಳಿ." ಆಮೇಲೆ ಕಪಾಟಿನ ಮೂಲೆಯಿಂದ ಒಂದು ಪುಟ್ಟ ಜೇನಿನ ಬಾಟಲಿ ತೆಗೆದು ಅಪ್ಪನ ಕೈಗೆ ಕೊಟ್ಟಳು. "ಇದಕ್ಕೆ ಚೀಟಿ ಹರಿದಿದೆ. ಯಾರೂ ತಗೊಳ್ಳದೆ ಉಳ್ಕೊಂಡಿದೆ. ದುಡ್ಡು ಬೇಡ. ನಿಮಗೆ ಇಷ್ಟ ಆಗುತ್ತೆ."

ಡೆಟ್ಲೆಫ್ ಅದನ್ನು ತೆಗೆದುಕೊಂಡ. ಥ್ಯಾಂಕ್ಸ್ ಎಂದೂ ಹೇಳಿದ, ಪಾಪ.

ಬಂದ ಬಸ್ಸು ಹತ್ತಿ ಇಬ್ಬರೂ ಕೆಳಗಿಳಿದರು. ಹೋಟೆಲಿನ ಬಾಗಿಲಲ್ಲಿ ಕೀಲಿ ಕೊಡುವ ಹುಡುಗಿ ನಗುನಗುತ್ತ ಎದ್ದು ನಿಂತಳು. ಜರ್ಮನ್ ಚೆನ್ನಾಗಿ ಬರುತ್ತಿತ್ತು ಅವಳಿಗೆ.

"ಬನ್ನಿ ಓಲೆನ್‌ಡಾರ್ಫ್ ಅವರೇ. ಜನವರಿಯಲ್ಲಿ ಫೋನ್ ಮಾಡಿ ಕೇಳಿದ್ರಲ್ಲ, ಸಮುದ್ರದ ಕಡೆ ಕೋಣೆನೇ ಇಟ್ಟಿದೀವಿ. ಮಗುವಿನ ಮಂಚಾನೂ ಹಾಕ್ಸಿದೀವಿ. ಮಗು ಎಲ್ಲಿ?"

ವೀಬ್ಕೆ ಗಂಡನ ಕಡೆ ತಿರುಗಿದಳು. ಅವನು ಜೇನಿನ ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ಕೀಲಿ ತೆಗೆದುಕೊಂಡ.

ಕೋಣೆಯಲ್ಲಿ ದೊಡ್ಡ ಮಂಚದ ಕಾಲ ಬಳಿ ಪುಟ್ಟದೊಂದು ಮಂಚವಿತ್ತು. ಬಿಳಿ ಹೊದಿಕೆಯನ್ನು ಸುಕ್ಕಿಲ್ಲದಂತೆ ಎಳೆದು ಕಟ್ಟಿದ್ದರು, ದಿಂಬಿನ ಮೇಲೆ ಒಂದು ಚಾಕಲೇಟು ಇಟ್ಟಿದ್ದರು.

"ಜನವರಿನಾ?" ಎಂದಳು ವೀಬ್ಕೆ.

ಡೆಟ್ಲೆಫ್ ಮಂಚದ ಅಂಚಿನಲ್ಲಿ ಕುಸಿದು ಕೂತ. "ಪ್ರಿಬಿಲ್ಲಾ ಹತ್ರ ಹೋಗಿದ್ದೆ. ಪೂರ್ತಿ ದುಡ್ಡು ಕಟ್ಟಿದೆ. ಒಂದು ಪೈಸೆ ಚೌಕಾಸಿ ಮಾಡ್ಲಿಲ್ಲ, ಬೇಕಾದ್ರೆ ಕೇಳು ಅವಳನ್ನ. ನಾವು ಬರೋ ದಿನ ಬೋರ್ಡಲ್ಲಿ ಬರಿ, ನನ್ನ ಹೆಂಡ್ತಿಗೆ ಗೊತ್ತಾಗ್ಬಾರ್ದು ಅಂದೆ."

"ಯಾಕೆ ಗೊತ್ತಾಗ್ಬಾರ್ದು? ನಂಗ್ಯಾಕೆ ಗೊತ್ತಾಗ್ಬಾರ್ದು?"

"ಇಷ್ಟು ವರ್ಷ ಸೊಕ್ಕಲ್ಲಿ ಮೆರೆದು, ಕೊನೆಗೆ ಸೋತ ಅಂತ ನಗಲ್ವಾ ನೀನು?"

ವೀಬ್ಕೆಗೆ ನಗುವೇ ಬಂತು. ಕೆಟ್ಟ ನಗು, ಹೊಟ್ಟೆಯಿಂದ ಕಿತ್ತುಕೊಂಡು ಬಂದ ನಗು. "ನಾನೂ ಹೋಗಿದ್ದೆ ಕಣೋ ಅವಳ ಹತ್ರ! ಮಾರ್ಚಲ್ಲಿ. ನಾನೂ ಅದನ್ನೇ ಹೇಳಿದೆ. ನಮ್ಮವರಿಗೆ ಗೊತ್ತಾಗ್ಬಾರ್ದು ಅಂದೆ."

ಡೆಟ್ಲೆಫ್ ಅವಳನ್ನೇ ನೋಡಿದ. "ಮತ್ತೆ ಅಲ್ಲಿ ಯಾಕೆ ತಲೆಯಾಡಿಸ್ದೆ?"

"ನೀನ್ಯಾಕೆ ಬೊಗಳ್ದೆ?"

ವೀಬ್ಕೆ ಫೋನು ತೆಗೆದು ಮಗಳಿಗೆ ಕರೆ ಮಾಡಿದಳು. ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಜನವರಿ, ಮಾರ್ಚ್, ಬೋರ್ಡು, ಪೂರ್ತಿ ದುಡ್ಡು, ಪುಟ್ಟ ಮಂಚ. ಆ ಕಡೆಯಿಂದ ಬಾಟಲಿಗಳು ಒಂದಕ್ಕೊಂದು ತಾಕುವ ಶಬ್ದ ಕೇಳುತ್ತಿತ್ತು.

"ಅಂದ್ರೆ ನನ್ನ ಬಾಗಿಲಲ್ಲಿ ನಿಂತು ಇಬ್ರೂ ಸುಳ್ಳು ಹೇಳಿದ್ರಿ" ಎಂದಳು ಆಲ್ಮುಟ್.

"ಹಾಗಲ್ಲ ಮಗಳೇ, ಅಪ್ಪಂಗೆ ನಾಚಿಕೆ ಆಯ್ತು..."

"ಏನಕ್ಕೆ ನಾಚಿಕೆ? ನನ್ನನ್ನ ನೋಡೋ ಆಸೆ ಇತ್ತು ಅನ್ನೋದಕ್ಕಾ?" ಅವಳ ದನಿ ಈಗ ಒಡೆಯಿತು. "ಅಮ್ಮ, ಆಸೆನೇ ಇಲ್ಲದ ಅಪ್ಪ ಅಂತ ಇಷ್ಟು ದಿನ ಹೆಂಗೋ ಸಮಾಧಾನ ಮಾಡ್ಕೊಂಡಿದ್ದೆ. ಆಸೆ ಇದ್ದೂ ಅದನ್ನ ಹೇಳೋಕೆ ಅವಮಾನ ಅಂದ್ಕೊಳ್ಳೋ ಅಪ್ಪನ್ನ ನಾನು ಏನು ಮಾಡ್ಲಿ? ಅಜ್ಜ ಯಾಕೆ ಒಳಗೆ ಬರ್ಲಿಲ್ಲ ಅಂತ ಅರ್ಗಿರೋ ಕೇಳ್ತಿದಾಳೆ. ಅವರ ಬಸ್ಸು ಹೊರಟೋಗುತ್ತೆ ಅಂತ ಹೇಳಿದೀನಿ. ಇನ್ನು ಫೋನ್ ಮಾಡ್ಬೇಡ. ಭಾನುವಾರನೂ ಬೇಡ."

ವೀಬ್ಕೆಯ ಮುಖ ನೋಡಿಯೇ ಡೆಟ್ಲೆಫನಿಗೆ ತಿಳಿಯಿತು. ಭಾನುವಾರದ ಫೋನೂ ಹೋಯಿತು. ಇದ್ದದ್ದೂ ಹೋಯಿತು ಮದ್ದಿನ ಗುಣದಿಂದ ಎನ್ನುತ್ತಾರಲ್ಲ, ಹಾಗಾಯಿತು. ಆ ಮುದುಕನನ್ನು ಎಳೆದಾಡಿ ಹೊಡೆಯಬೇಕೆನಿಸಿತು ಅವಳಿಗೆ. ಎಳೆದು ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಬಟ್ಟೆಗಳನ್ನು ಬೀರುವಿನಲ್ಲಿ ಜೋಡಿಸಿದಳು.

ಮರುದಿನ ಬೆಳಿಗ್ಗೆ ಅವಳಿಗೆ ಎಚ್ಚರವಾದಾಗ ಗಂಡ ಹಾಸಿಗೆಯಲ್ಲಿರಲಿಲ್ಲ. ಅದೇನೂ ಹೊಸದಲ್ಲ. ಹೋಟೆಲಿನ ಈಜುಕೊಳದ ಬಳಿಯ ಒರಗುಕುರ್ಚಿಗಳಿಗೆ ನಮ್ಮ ಜರ್ಮನ್ನರು ಹೊತ್ತು ಹುಟ್ಟುವ ಮೊದಲೇ ಹೋಗಿ ಟವೆಲು ಹಾಸಿ ಜಾಗ ಹಿಡಿಯುತ್ತಾರೆ. ಡೆಟ್ಲೆಫ್ ಅದರಲ್ಲಿ ನಿಸ್ಸೀಮ. ಅವನು ಹಿಡಿದ ಕುರ್ಚಿಯನ್ನು ಒಬ್ಬ ಇಂಗ್ಲಿಷಿನವನು ಮುಟ್ಟಿದನೆಂದು ಹಿಂದೊಮ್ಮೆ ಮಾಯೋರ್ಕಾ ದ್ವೀಪದಲ್ಲಿ ಪೊಲೀಸರು ಬರುವವರೆಗೆ ಜಗಳವಾಗಿತ್ತು.

ವೀಬ್ಕೆ ಬಾಲ್ಕನಿಗೆ ಬಂದು ಕೆಳಗೆ ನೋಡಿದಳು. ನೆರಳಿನ ಒಳ್ಳೆಯ ಜಾಗದಲ್ಲಿ ಅವನು ಮೂರು ಕುರ್ಚಿ ಹಿಡಿದಿದ್ದ. ಎರಡರ ಮೇಲೆ ಮನೆಯ ಹಳೆಯ ಪಟ್ಟೆ ಟವೆಲುಗಳು. ನಡುವಿನದರ ಮೇಲೆ ಹೊಚ್ಚ ಹೊಸದೊಂದು ಪುಟ್ಟ ಟವೆಲು, ಹಳದಿ ಬಾತುಕೋಳಿಗಳ ಚಿತ್ರದ್ದು. ಸೂಟ್‌ಕೇಸು ಉಬ್ಬಿದ್ದು ಯಾಕೆಂದು ಅವಳಿಗೆ ಆಗ ತಿಳಿಯಿತು. ಅವನು ಅಂಚಿನ ಕುರ್ಚಿಯಲ್ಲಿ ಶರ್ಟಿನ ಗುಂಡಿಯೆಲ್ಲ ಹಾಕಿಕೊಂಡು ಕೂತು, ಬಸ್ಸು ನಿಲ್ಲುವ ರಸ್ತೆಯ ಕಡೆ ನೋಡುತ್ತಿದ್ದ.

ಬಿಸಿಲೇರಿತು. ಕೊಳದ ಸುತ್ತ ಎಲ್ಲ ಕುರ್ಚಿಗಳೂ ತುಂಬಿದವು. ಗುಡ್ಡದಿಂದ ಒಂದು ಬಸ್ಸು ಇಳಿದು ಬಂತು, ಜನ ಇಳಿದರು, ಬಸ್ಸು ಹೊರಟುಹೋಯಿತು. ಆಮೇಲೆ ಇನ್ನೊಂದು ಬಂತು. ವೀಬ್ಕೆಯೂ ಬಾಲ್ಕನಿಯಿಂದ ಕದಲದೆ ಅದೇ ರಸ್ತೆಯನ್ನೇ ನೋಡಿದಳು.

ಸೊಂಟದ ಮೇಲೆ ಮಗು ಎತ್ತಿಕೊಂಡ ಹೆಂಗಸೊಬ್ಬಳು ಜಾಗ ಹುಡುಕುತ್ತ ಬಂದು ಅವನ ಮುಂದೆ ನಿಂತಳು. ಮಧ್ಯದ ಕುರ್ಚಿ ತೋರಿಸಿ ಕೇಳಿದಳು, "ಇಲ್ಲಿ ಯಾರಾದ್ರೂ ಬರ್ತಾರಾ?"

ಡೆಟ್ಲೆಫ್ ಎದ್ದ. ಬಾತುಕೋಳಿಯ ಟವೆಲನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಕಂಕುಳಲ್ಲಿ ಇಟ್ಟುಕೊಂಡ.

"ಇಲ್ಲಮ್ಮ, ಖಾಲಿನೇ ಉಳಿದಿದೆ" ಎಂದ. "ತಗೊಳ್ಳಿ."